ನಂಬ್ತೀರಾ ಅಂತ ಕೇಳಬೇಡಿ, ಹೇಗೆ ನಡ್ಕೊಳ್ತೀರಾ ಅಂತ ಕೇಳಿ

ಸುಮಾರು ವರ್ಷಗಳ ಹಿಂದಿನ ಮಾತು. ನಾಲ್ಕು ಪುಸ್ತಕ ಓದಿಕೊಂಡು, ಮೊಬೈಲಿನಲ್ಲಿ 15 ಪ್ರಶ್ನೆ ಬರೆದುಕೊಂಡು, ಧರ್ಮ ಅಂದರೆ ಏನು ಅಂತ ತಿಳಿದುಕೊಂಡೇ ಬರುತ್ತೇನೆ ಅಂತ ಊರಿನ ಬಸ್ಸು ಹತ್ತಿದ್ದೆ. ಅಜ್ಜಿ ಜಗಲಿಯಲ್ಲಿ ಕಾಲು ಚಾಚಿಕೊಂಡು ಅವರೆಕಾಯಿ ಸುಲಿಯುತ್ತಿದ್ದಳು. ಪಕ್ಕದಲ್ಲಿ ಕೂತು ಮೊದಲನೇ ಪ್ರಶ್ನೆ ಕೇಳಿಯೇಬಿಟ್ಟೆ. "ಅಜ್ಜಿ, ನೀನು ನಮ್ಮ ಮನೆದೇವರನ್ನ ನಂಬ್ತೀಯಾ?"

ಅಜ್ಜಿ ಸುಲಿಯೋದು ನಿಲ್ಲಿಸಿ ನನ್ನ ಮುಖ ನೋಡಿದಳು, ಇವನಿಗೆ ಜ್ವರ ಗಿರ ಬಂದಿದೆಯಾ ಅನ್ನೋ ಹಾಗೆ. "ನಂಬೋದೇನ್ ಬಂತೋ? ನಾವು ನಡ್ಕೊಂಡ್ ಬಂದಿರೋ ದೇವ್ರು ಕಣೋ ಅದು" ಅಂದಳು. ಆಮೇಲೆ ಒಂದು ಹಿಡಿ ಕಾಯಿ ನನ್ನ ಮುಂದೆ ಸುರಿದು, ಸುಮ್ನೆ ಕೂರೋ ಬದಲು ಸುಲಿ ಅಂದಳು. ಉಳಿದ 14 ಪ್ರಶ್ನೆ ಮೊಬೈಲಿನಲ್ಲೇ ಉಳಿದವು.

ಆ ಒಂದು ಮಾತು ನನಗೆ ಅರ್ಥ ಆಗೋಕೆ ಬಹಳ ದಿನ ಹಿಡಿಯಿತು. ನಿಮ್ಮಲ್ಲೂ ಯಾರಾದರೂ ನಮ್ಮ ಮನೆಯಲ್ಲಿ, ಊರಲ್ಲಿ, ಬೀದಿಯಲ್ಲಿ ಜನ ದೇವರ ಹೆಸರಲ್ಲಿ ಮಾಡೋದನ್ನೆಲ್ಲ ಸರಿಯಾಗಿ ತಿಳಿದುಕೊಳ್ಳಬೇಕು ಅಂದುಕೊಂಡಿದ್ದರೆ, ನಾನು ಎಡವಿದ ಕಡೆ ನೀವೂ ಎಡವೋದು ಬೇಡ ಅಂತ ಇದನ್ನು ಬರೆಯುತ್ತಿದ್ದೇನೆ. ಭಕ್ತರಾಗಬೇಕಿಲ್ಲ, ನಾಸ್ತಿಕರಾಗಬೇಕಿಲ್ಲ. ಸ್ವಲ್ಪ ತಾಳ್ಮೆ ಬೇಕು. ಒಂದೆರಡು ಹಳೇ ತತ್ವಜ್ಞಾನಿಗಳ ಸಹಾಯನೂ ಬೇಕು, ಅವರನ್ನು ಹೇಗೆ ಬಳಸಿಕೊಳ್ಳೋದು ಅಂತ ಹೇಳ್ತೀನಿ.

ಮೊದಲು ಪ್ರಶ್ನೆ ಬದಲಾಯಿಸಿ

ಕನ್ನಡದಲ್ಲಿ ಜನ ದೇವರ ಬಗ್ಗೆ ಹೇಗೆ ಮಾತಾಡ್ತಾರೆ ಅಂತ ಒಂದು ವಾರ ಸುಮ್ನೆ ಕಿವಿಗೊಟ್ಟು ಕೇಳಿ. "ನಾವು ಯಲ್ಲಮ್ಮನಿಗೆ ನಡ್ಕೊಳ್ತೀವಿ." "ನಾವು ಮಂಜುನಾಥನ ಒಕ್ಕಲು." "ಮೈಲಾರಕ್ಕೆ ನಮ್ಮಜ್ಜನ ಕಾಲದಿಂದ ಹೋಗ್ತೀವಿ." ನಡೆದುಕೊಳ್ಳೋದು, ಒಕ್ಕಲಾಗಿರೋದು, ಹೋಗೋದು. ಎಲ್ಲಾ ಮಾಡುವ ಮಾತುಗಳು. ದೇವರು ಇದ್ದಾನೆ ಅಂತ ನಾನು ಒಪ್ಪುತ್ತೇನೆ ಅನ್ನೋ ಮಾತು ಇಲ್ಲಿ ಎಲ್ಲೂ ಇಲ್ಲ. ಗೇಣಿಗೆ ಕೂತ ಒಕ್ಕಲಿಗೂ ಜಮೀನಿನ ಒಡೆಯನಿಗೂ ಇದ್ದ ಸಂಬಂಧದ ಪದವನ್ನೇ ದೇವರಿಗೂ ಹಾಕಿದ್ದಾರೆ ನೋಡಿ. ಒಡೆಯ ಇದ್ದಾನೋ ಇಲ್ಲವೋ ಅಂತ ಒಕ್ಕಲು ಯಾವತ್ತಾದರೂ ಚರ್ಚೆ ಮಾಡುತ್ತಾನಾ? ಅವನ ಚಿಂತೆಯೇ ಬೇರೆ. ಈ ವರ್ಷದ್ದು ಸಂದಾಯ ಆಯ್ತಾ, ಒಡೆಯ ಮುನಿಸಿಕೊಂಡಿಲ್ಲ ತಾನೆ, ಅಷ್ಟೇ.

ಹಾಗಾದರೆ ನಂಬಿಕೆಯ ಪ್ರಶ್ನೆ ನಮ್ಮ ತಲೆಗೆ ಎಲ್ಲಿಂದ ಬಂತು? ಬೆಂಗಳೂರಿನಿಂದ ಬೆಲ್ಜಿಯಂಗೆ ಹೋಗಿ ಗೆಂಟ್ ವಿಶ್ವವಿದ್ಯಾಲಯದಲ್ಲಿ ಪಾಠ ಮಾಡಿದ ಎಸ್. ಎನ್. ಬಾಲಗಂಗಾಧರ 1994ರಲ್ಲಿ ಒಂದು ದಪ್ಪ ಪುಸ್ತಕವನ್ನೇ ಬರೆದರು. 'ರಿಲಿಜನ್' ಅನ್ನೋ ಕಲ್ಪನೆ ಕ್ರೈಸ್ತ ದೇವತಾಶಾಸ್ತ್ರದ ಒಳಗೆ ಹುಟ್ಟಿದ್ದು, ಅದನ್ನು ತಂದು ನಮ್ಮ ಆಚರಣೆಗಳ ಮೇಲೆ ಹೊದಿಸಿದಾಗ ಇಲ್ಲದ ಸಿದ್ಧಾಂತ, ಇಲ್ಲದ ಧರ್ಮಗ್ರಂಥ ಎಲ್ಲ ಇದ್ದ ಹಾಗೆ ಕಾಣೋಕೆ ಶುರುವಾಗುತ್ತೆ ಅನ್ನೋದು ಅವರ ವಾದ. ಅವರಿಗೂ 30 ವರ್ಷ ಮೊದಲೇ ಕೆನಡಾದ ವಿಲ್ಫ್ರೆಡ್ ಕ್ಯಾಂಟ್‌ವೆಲ್ ಸ್ಮಿತ್, ಲಾಹೋರಿನಲ್ಲಿ ಕೆಲವು ವರ್ಷ ಪಾಠ ಮಾಡಿ ಹೋದ ಮನುಷ್ಯ, ಆ ಪದವನ್ನೇ ಕೈಬಿಟ್ಟರೆ ಒಳ್ಳೇದು ಅಂದಿದ್ದರು. ಬಾಲಗಂಗಾಧರರ ಎಲ್ಲ ತೀರ್ಮಾನ ನಾನು ಒಪ್ಪಲ್ಲ. ಯಾಕೆ ಅಂತ ಕೆಳಗೆ ಬರುತ್ತೆ. ಆದರೆ ಅಜ್ಜಿ ನನ್ನ ಮುಖ ಯಾಕೆ ಹಾಗೆ ನೋಡಿದಳು ಅನ್ನೋದಕ್ಕೆ ಅವರು ಕೊಡೋ ವಿವರಣೆಗಿಂತ ಚೆನ್ನಾಗಿರೋದು ನನಗೆ ಇನ್ನೂ ಸಿಕ್ಕಿಲ್ಲ.

ನಮ್ಮ ಪದಗಳೂ ಅಷ್ಟೇ ಗೋಜಲು. ಧರ್ಮ ಅಂದರೆ ದಾನನೂ ಹೌದು, ನ್ಯಾಯನೂ ಹೌದು, ಅರ್ಜಿ ಫಾರಂನಲ್ಲಿ ತುಂಬೋ ಒಂದು ಖಾನೆಯೂ ಹೌದು. ಮತ ಅಂದರೆ ಈಗ ಜಾಸ್ತಿ ಜನಕ್ಕೆ ನೆನಪಾಗೋದು ಓಟು. ಮನೆಯಲ್ಲಿ ಇದಕ್ಕೆಲ್ಲ ಸೇರಿ ಇರೋ ಹೆಸರು 'ದೇವರು ದಿಂಡರು'. "ಅವರ ಮನೇಲಿ ದೇವ್ರು ದಿಂಡ್ರು ಜಾಸ್ತಿ" ಅಂತೀವಲ್ಲ, ಅದು. ಅಲ್ಲಿಂದಲೇ ಶುರು ಮಾಡಿ.

ಚಿಕ್ಕದೊಂದನ್ನು ಹಿಡಿದುಕೊಳ್ಳಿ

ಹಿಂದೂ ಧರ್ಮ, ಇಸ್ಲಾಂ, ಜೈನ ಧರ್ಮ ಅಂತ ಹೊರಡಬೇಡಿ. ಒಂದು ಹರಕೆ, ಒಂದು ಮುಡಿಪು, ವರ್ಷಕ್ಕೊಮ್ಮೆ ಮಾಡೋ ಒಂದು ಅಡುಗೆ, ಸಾಕು. ನಿಮ್ಮಮ್ಮ ಶುಕ್ರವಾರ ಹೊಸಲಿಗೆ ಯಾಕೆ ಎರಡನೇ ಸಲ ನೀರು ಹಾಕುತ್ತಾರೆ ಅನ್ನೋದರಲ್ಲೇ ಒಂದು ತಿಂಗಳ ಕೆಲಸ ಇದೆ.

ಚಪ್ಪಲಿ ಹೊರಗೆ ಬಿಡೋದು

ಎಡ್ಮಂಡ್ ಹುಸರ್ಲ್ ಅಂತ ಜರ್ಮನಿಯಲ್ಲಿದ್ದ ತತ್ವಜ್ಞಾನಿ. 1913ರ ಪುಸ್ತಕವೊಂದರಲ್ಲಿ ಒಂದು ವಿಧಾನ ಹೇಳಿದರು. ಎದುರಿಗಿರೋದು ನಿಜವಾಗಿ ಇದೆಯೋ ಇಲ್ಲವೋ ಅನ್ನೋ ತೀರ್ಪನ್ನು ಸ್ವಲ್ಪ ಹೊತ್ತು ತಡೆಹಿಡಿಯಿರಿ, ಅದು ನಿಮಗೆ ಹೇಗೆ ತೋರುತ್ತಿದೆ ಅನ್ನೋದನ್ನಷ್ಟೇ ನೋಡಿ. ಅವರು ಇದಕ್ಕೆ ಗ್ರೀಕ್ ಪದ ಇಟ್ಟರು, ಎಪೊಕೆ. 1933ರಲ್ಲಿ ನೆದರ್ಲೆಂಡ್ಸ್‌ನ ವಾನ್ ಡರ್ ಲೇವ್ ಇದನ್ನು ಧರ್ಮದ ಅಧ್ಯಯನಕ್ಕೆ ತಂದರು.

ಕೇಳೋಕೆ ದೊಡ್ಡ ಮಾತು. ಮಾಡೋದು ದೇವಸ್ಥಾನದ ಮುಂದೆ ಚಪ್ಪಲಿ ಬಿಡೋ ಹಾಗೆ. ಚಪ್ಪಲಿ ಎಸೆದು ಹೋಗಲ್ಲ ನಾವು, ಬರುವಾಗ ಹಾಕಿಕೊಂಡೇ ಬರ್ತೀವಿ. ಒಳಗಿರೋ ಅಷ್ಟು ಹೊತ್ತು ಬರಿಗಾಲಿಗೆ ಕಲ್ಲು ತಣ್ಣಗಿದೆಯೋ ಸುಡುತ್ತಿದೆಯೋ ಗೊತ್ತಾಗುತ್ತೆ. "ಇದೆಲ್ಲ ಮೌಢ್ಯ" ಅನ್ನೋದು ಒಂದು ಚಪ್ಪಲಿ, "ಇದೆಲ್ಲ ನಮ್ಮ ಋಷಿಮುನಿಗಳು ಮಾಡಿದ ವಿಜ್ಞಾನ" ಅನ್ನೋದು ಇನ್ನೊಂದು. ಎರಡನ್ನೂ ಬಿಡಬೇಕು. ಜನ ಸಾಮಾನ್ಯವಾಗಿ ಒಂದನ್ನು ಮಾತ್ರ ಬಿಟ್ಟು ಕುಂಟಿಕೊಂಡು ಒಳಗೆ ಹೋಗ್ತಾರೆ. (ಕಳ್ಳರ ಭಯಕ್ಕೆ ಒಂದು ಇಲ್ಲಿ, ಇನ್ನೊಂದು ಅಲ್ಲಿ ಬಿಡೋ ನಮ್ಮ ಮಾವನಂಥವರೂ ಇದ್ದಾರೆ, ಅದು ಬೇರೆ ವಿಷಯ.)

ಎಲ್ಲಿ ನೋಡಬೇಕು: ಹೂ ಕೇಳಿದ ದಿನ

ನಮ್ಮ ಚಿಕ್ಕಪ್ಪನಿಗೆ ಹೃದಯದ ಆಪರೇಷನ್ ಅಂತ ಆಯಿತು. ಡಾಕ್ಟರು ದಿನ ಕೊಟ್ಟಿದ್ದರು, ದುಡ್ಡೂ ಕಟ್ಟಿ ಆಗಿತ್ತು. ಆದರೂ ಅಜ್ಜಿ ಗುಡಿಯ ಅಮ್ಮನ, ಅಂದರೆ ದೇವಿಯ, ಹತ್ತಿರ ಹೂ ಕೇಳದೆ ಕಳಿಸಲ್ಲ ಅಂತ ಕೂತಳು. ಹೂ ಕೇಳೋದು ಗೊತ್ತಿಲ್ಲದವರಿಗೆ ಹೇಳ್ತೀನಿ. ಪೂಜಾರಿ ದೇವರ ಮೂರ್ತಿಯ ಎರಡೂ ಭುಜದ ಮೇಲೆ, ಕಿರೀಟದ ಹತ್ತಿರ, ಒದ್ದೆ ಹೂವಿನ ಎಸಳು ಅಂಟಿಸುತ್ತಾರೆ. ಕೇಳಬೇಕಾದ್ದನ್ನು ಮನಸ್ಸಲ್ಲಿ ಕೇಳಿಕೊಂಡು ಕಾಯಬೇಕು. ಬಲಗಡೆಯದ್ದು ಬಂದರೆ ಆಗಬಹುದು, ಎಡಗಡೆಯದ್ದು ಬಂದರೆ ಬೇಡ.

ಕಾದೆವು. ಕಣಗಿಲೆ ಹೂವು ಅಂಟಿಕೊಂಡೇ ಇತ್ತು. ಅರ್ಧ ಗಂಟೆ ಮೇಲಾಯಿತು. ಕೊನೆಗೆ ಎಡಗಡೆಯದ್ದು ಜಾರಿತು. ಯಾರೂ ಮಾತಾಡಲಿಲ್ಲ. ಅಜ್ಜಿ ಮಾತ್ರ "ಏನೋ ತಪ್ಪಾಗಿದೆ" ಅಂತ ಸೆರಗಿನ ಗಂಟು ಬಿಚ್ಚಿ ತಪ್ಪು ಕಾಣಿಕೆ ಅಂತ 101 ರೂಪಾಯಿ ಇಟ್ಟಳು. ಚಿಕ್ಕಪ್ಪ ಆರಾಮಾಗಿ ಬಂದರೆ ಅಮ್ಮನಿಗೆ ಬೆಳ್ಳಿ ಕಣ್ಣು ಮಾಡಿಸ್ತೀನಿ ಅಂತ ಅವನ ಬಾಯಲ್ಲೇ ಹೇಳಿಸಿದಳು. ಮತ್ತೆ ಹೂ ಇಟ್ಟರು. ಐದು ನಿಮಿಷದಲ್ಲಿ ಬಲ. ಆಪರೇಷನ್ ಅದೇ ದಿನ ಆಯಿತು, ಡಾಕ್ಟರು ಹೇಳಿದ ದಿನವೇ.

ನನ್ನ ಮೊಬೈಲಿನಲ್ಲಿ ಆ ದಿನದ ಟಿಪ್ಪಣಿ ಇನ್ನೂ ಇದೆ. "ಎಡ. ಆಮೇಲೆ ಬಲ. ಬೇಕಾದ ಉತ್ತರ ಬರೋವರೆಗೂ ಕೇಳ್ತಾರೆ." ಏನೋ ಕಂಡುಹಿಡಿದೆ ಅನ್ನೋ ಜಂಬ ಬೇರೆ. ಈಗ ಓದಿದರೆ ನಾಚಿಕೆ ಆಗುತ್ತೆ, ಯಾಕೆಂದರೆ ಆ ಅರ್ಧ ಗಂಟೆ ಪೂರ್ತಿ ನಾನು ಹೂವನ್ನೇ ನೋಡುತ್ತಿದ್ದೆ. ಚಿಕ್ಕಪ್ಪನ ಮುಖ ನೋಡಿರಲಿಲ್ಲ. ಆಸ್ಪತ್ರೆಯಲ್ಲಿ ಸಹಿ ಹಾಕುವಾಗ ತಮಾಷೆ ಮಾಡಿಕೊಂಡಿದ್ದ ಮನುಷ್ಯ ಅಲ್ಲಿ ಮೊದಲನೇ ಸಲ ಕೈ ನಡುಗಿಸಿದ್ದನ್ನು ಚಿಕ್ಕಮ್ಮ ನೋಡಿದ್ದಳು. ನನಗೆ ಅದು ಗೊತ್ತಾಗಿದ್ದು ಎಷ್ಟೋ ತಿಂಗಳಾದ ಮೇಲೆ, ಅವಳು ಮಾತಿಗೆ ಮಾತು ಬಂದು ಹೇಳಿದಾಗ. ಆಸ್ಪತ್ರೆಯಲ್ಲಿ ಹೆದರೋಕೆ ಜಾಗ ಇರಲಿಲ್ಲ. ಇಲ್ಲಿ ಇತ್ತು. ಮನೆಮಂದಿಯೆಲ್ಲ ಸೇರಿ ಒಟ್ಟಿಗೆ ಹೆದರೋಕೆ ಅರ್ಧ ಗಂಟೆ ಸಿಕ್ಕಿತ್ತು.

ಹಾಗಂತ "ಓಹೋ, ಇದು ಬರೀ ಮನಸ್ಸಿನ ಸಮಾಧಾನಕ್ಕೆ" ಅಂತ ಷರಾ ಬರೆದು ಎದ್ದು ಹೋಗಬೇಡಿ. ಅದೂ ಒಂದು ಚಪ್ಪಲಿಯೇ. ಸಮಾಧಾನಕ್ಕೆ ಅಂತಲೇ ಬಂದಿದ್ದರೆ ಎಡಗಡೆ ಹೂ ಬಂದಾಗ ಅಷ್ಟು ಜನದ ಉಸಿರು ನಿಲ್ಲುತ್ತಿರಲಿಲ್ಲ. ಬೇಡ ಅನ್ನೋ ಹಕ್ಕು ಅಮ್ಮನಿಗೆ ನಿಜವಾಗಿ ಇತ್ತು, ಅಲ್ಲಿದ್ದವರ ಪಾಲಿಗೆ.

ಹಾಗಾಗಿ ಮೂರ್ತಿ ನೋಡೋದರ ಜೊತೆಗೆ ಕೈಗಳನ್ನು ನೋಡಿ. ಯಾರು ಯಾರ ಪಕ್ಕ ನಿಂತರು, ಯಾರು ಮುಂದೆ, ಯಾರು ಬಾಗಿಲಲ್ಲಿ, ದುಡ್ಡು ಯಾರ ಗಂಟಿನಿಂದ ಬಂತು, ಮಕ್ಕಳಿಗೆ ಯಾವಾಗ ಸುಮ್ನಿರು ಅಂದರು. ನ್ಯೂಯಾರ್ಕಿನ ಹಾರ್ಲೆಮ್‌ನಲ್ಲಿ ನೆಲೆಸಿದ್ದ ಇಟಲಿಯ ವಲಸಿಗರ ಮಾತೆ ಮೇರಿಯ ಹಬ್ಬದ ಬಗ್ಗೆ ರಾಬರ್ಟ್ ಆರ್ಸಿ ಅನ್ನೋ ವಿದ್ವಾಂಸ 1985ರಲ್ಲಿ ಬರೆದಾಗ ಮಾಡಿದ್ದು ಇದನ್ನೇ. ಪಾದ್ರಿಗಳ ಉಪದೇಶಕ್ಕಿಂತ ಜುಲೈ ಬಿಸಿಲಲ್ಲಿ ಕಾದ ಟಾರು ರಸ್ತೆ ಮೇಲೆ ಹರಕೆ ಹೊತ್ತು ಬರಿಗಾಲಲ್ಲಿ ನಡೆದ ಹೆಂಗಸರ ಕಡೆ ಅವರ ಕಣ್ಣು ಹೋಯಿತು. ಧರ್ಮಸ್ಥಳಕ್ಕೆ ಕಾಲ್ನಡಿಗೆಯಲ್ಲಿ ಹೋಗೋರನ್ನು ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ವಿಲಿಯಂ ಜೇಮ್ಸ್ ಎಲ್ಲಿವರೆಗೆ ಬರ್ತಾರೆ

ಅನುಭವದ ಮಾತು ಬಂದರೆ ಅಮೆರಿಕದ ತತ್ವಜ್ಞಾನಿ ವಿಲಿಯಂ ಜೇಮ್ಸ್ ಅವರನ್ನು ದಾಟಿ ಹೋಗೋಕೆ ಆಗಲ್ಲ. 1901-02ರಲ್ಲಿ ಎಡಿನ್‌ಬರೋದಲ್ಲಿ 20 ಉಪನ್ಯಾಸ ಕೊಟ್ಟರು, ಅದು 1902ರಲ್ಲಿ ಪುಸ್ತಕ ಆಯಿತು. ಅವರ ಒಂದು ಮಾತು ನಮಗೆ ತುಂಬಾ ಉಪಯೋಗ. ಅನುಭವದ ಬೇರು ಎಲ್ಲಿದೆ ಅಂತ ಅಗೆದು, ಇದು ಬರೀ ನರದ ದೌರ್ಬಲ್ಯ ಅಂತ ತಳ್ಳಿಹಾಕಬೇಡಿ, ಅದು ಆ ಮನುಷ್ಯನ ಬದುಕಿನಲ್ಲಿ ಯಾವ ಫಲ ಕೊಟ್ಟಿತು ನೋಡಿ ಅಂದರು. ಅನುಭಾವಕ್ಕೆ ನಾಲ್ಕು ಗುರುತನ್ನೂ ಕೊಟ್ಟರು. ಮಾತಿಗೆ ಸಿಗಲ್ಲ. ಏನೋ ತಿಳಿದ ಹಾಗಾಗುತ್ತೆ. ಬಹಳ ಹೊತ್ತು ಇರಲ್ಲ. ನಾವು ಮಾಡೋದಲ್ಲ, ನಮಗೆ ಆಗೋದು.

ಕೊನೆಯದ್ದು ನಮ್ಮ ವ್ಯಾಕರಣದಲ್ಲೇ ಇದೆ. ನಾವು "ನಾನು ಭಯಪಟ್ಟೆ" ಅನ್ನೋದು ಕಡಿಮೆ, "ನನಗೆ ಭಯ ಆಯ್ತು" ಅನ್ನೋದೇ ಜಾಸ್ತಿ. ಮೈಮೇಲೆ ಬಂತು. ಕಣ್ಣಲ್ಲಿ ನೀರು ಬಂತು. ಯಾಕೋ ಹೋಗಬೇಕು ಅನ್ನಿಸಿತು. ದೇವರು ಒಲಿಯಿತು. ಎಲ್ಲದರಲ್ಲೂ ಕೆಲಸ ಮಾಡೋದು ಇನ್ನೊಂದು, ನಾವು ಬರೀ ಆಗಿಸಿಕೊಳ್ಳೋರು. ಜನ ಮಾತಾಡುವಾಗ ಈ ಕ್ರಿಯಾಪದಗಳನ್ನು ಹಾಗೇ ಬರೆದುಕೊಳ್ಳಿ, ತಿದ್ದಬೇಡಿ. "ಅಜ್ಜಿ ದೇವಿಯ ಅನುಮತಿ ಪಡೆದಳು" ಅಂತ ನೀವು ಚಂದ ಮಾಡಿ ಬರೆದ ತಕ್ಷಣ ಅರ್ಧ ವಿಷಯ ಸತ್ತುಹೋಯಿತು.

ಒಂದು ಎಚ್ಚರಿಕೆ. ಕನ್ನಡದವರಾದ ನಮಗೆ ಅನುಭಾವ ಅನ್ನೋ ಪದದ ಮೇಲೆ ಮೋಹ ಜಾಸ್ತಿ. 12ನೇ ಶತಮಾನದ ಶರಣರು ಅದಕ್ಕೆ ಅಷ್ಟು ತೂಕ ಕೊಟ್ಟುಹೋಗಿದ್ದಾರೆ. ಅಲ್ಲಮನನ್ನೂ ಅಕ್ಕನನ್ನೂ ಓದಿಕೊಂಡು ಊರಿಗೆ ಹೋದವರಿಗೆ ಅಲ್ಲಿನ ಪೂಜೆ ಪುನಸ್ಕಾರ ಸಪ್ಪೆ ಅನ್ನಿಸುತ್ತೆ. ಆದರೆ ಹೆಚ್ಚಿನವರ ಬದುಕಿನಲ್ಲಿ ದೇವರು ಬೆಳಕಿನ ಹಾಗೆ ಮಿಂಚಿ ಬರಲ್ಲ. ಎಣ್ಣೆ ಮುಗಿದಿದೆ, ನಾಳೆ ಸೋಮವಾರ, ಬತ್ತಿ ಹೊಸೆಯಬೇಕು, ಹೀಗೆ ಬರ್ತಾನೆ. ಇದೂ ಅನುಭವವೇ. ರೂಢಿ ಅಂತ ಕಡೆಗಣಿಸಬೇಡಿ. ರೂಢಿ ತಪ್ಪಿದ ದಿನ ಅವರ ಮನಸ್ಸು ಎಷ್ಟು ಚಡಪಡಿಸುತ್ತೆ ನೋಡಿದರೆ ಗೊತ್ತಾಗುತ್ತೆ.

ಜೇಮ್ಸ್ ಅವರ ದೊಡ್ಡ ಕೊರತೆ ಬೇರೆ ಕಡೆ ಇದೆ. ಧರ್ಮ ಅಂದರೆ ಮನುಷ್ಯ ಒಬ್ಬನೇ ಇರುವಾಗ ಅವನಿಗಾಗೋ ಭಾವನೆ, ಅನುಭವ, ಅವನು ಮಾಡೋ ಕೆಲಸ ಅಂತ ಇಟ್ಟುಕೊಂಡರು. ಒಬ್ಬನೇ! ನಮ್ಮಲ್ಲಿ ಯಾರಿಗೆ ಆ ಭಾಗ್ಯ ಇದೆ? ಜಾತ್ರೆ, ತೇರು, ಉರುಸು, ಮದುವೆ, ತಿಥಿ, ಯಾವುದರಲ್ಲೂ ಮನುಷ್ಯ ಒಬ್ಬನೇ ಇರಲ್ಲ. ಇಲ್ಲಿ ಜೇಮ್ಸ್ ಅವರನ್ನು ಕೂರಿಸಿ ಫ್ರಾನ್ಸಿನ ಸಮಾಜಶಾಸ್ತ್ರಜ್ಞ ಎಮಿಲ್ ದುರ್ಖೈಮ್ ಅವರನ್ನು ಎಬ್ಬಿಸಬೇಕು. ಜನ ಒಂದೆಡೆ ಸೇರಿ, ಒಂದೇ ತಾಳಕ್ಕೆ ಕುಣಿದು ಕೂಗುವಾಗ ಹುಟ್ಟೋ ಕಾವೇ ದೇವರ ಅನುಭವದ ಮೂಲ ಅಂತ ಅವರು 1912ರಲ್ಲಿ ಬರೆದರು. ಬರೆದಿದ್ದು ಆಸ್ಟ್ರೇಲಿಯಾದ ಮೂಲನಿವಾಸಿಗಳ ಬಗ್ಗೆ, ಆ ಕಡೆ ಕಾಲಿಡದೆ. ಆದರೂ ಮಾತು ಮಾತ್ರ ನಿಜ.

ನನಗೆ ಅದು ಅರ್ಥವಾಗಿದ್ದು ರಾಯಚೂರು ಕಡೆಯ ಒಂದು ಹಳ್ಳಿಯ ಮೊಹರಂನಲ್ಲಿ. ಗೆಳೆಯನ ಊರು. ಆ ಕಡೆ ಮುದಗಲ್ಲಿನ ಮೊಹರಂ ದೊಡ್ಡ ಹೆಸರು, ಆದರೆ ಸಣ್ಣ ಊರುಗಳಲ್ಲೂ ಜೋರಾಗೇ ನಡೆಯುತ್ತೆ. ಮುಸ್ಲಿಮರ ಮನೆಯೇ ಇಲ್ಲದ ಊರಲ್ಲೂ ನಡೆಯುತ್ತೆ. ಕ್ರಿ.ಶ. 680ರಲ್ಲಿ ಇರಾಕಿನ ಕರ್ಬಲಾದಲ್ಲಿ ಪ್ರವಾದಿ ಮಹಮ್ಮದರ ಮೊಮ್ಮಗ ಹುಸೇನರು ಮಡಿದ ಕಥೆ ಅಲ್ಲಿ ಕನ್ನಡದ ಹಾಡಾಗಿದೆ. ಅಲಾಯಿ ಕುಣಿಯಲ್ಲಿ ಬೆಂಕಿ, ಸುತ್ತ ಹೆಜ್ಜೆ ಹಾಕೋ ಗಂಡಸರು, ಹಲಗೆಯ ಸದ್ದು, ರೇಷ್ಮೆ ಬಟ್ಟೆ ಸುತ್ತಿದ ದೇವರು. ಮನೆಮನೆಯಿಂದ ಸಕ್ಕರೆ ತಂದು, ಅದರ ಮೇಲೆ ಪ್ರಾರ್ಥನೆ ಓದಿಸೋಕೆ ಬರ್ತಾರೆ. ಹರಕೆ ಹೊತ್ತ ಮಕ್ಕಳು ಕೊರಳಿಗೆ ದಾರ ಹಾಕಿಕೊಂಡು ಫಕೀರರಾಗಿರ್ತಾರೆ. ಪಕ್ಕದಲ್ಲಿ ವಿಭೂತಿ ಹಚ್ಚಿಕೊಂಡಿದ್ದ ಹಿರಿಯರೊಬ್ಬರನ್ನು ನಾನು ಬುದ್ಧಿವಂತನ ಹಾಗೆ ಕೇಳಿದೆ, "ಅಜ್ಜಾರ, ಇದು ಮುಸ್ಲಿಮರ ಹಬ್ಬ ಅಲ್ವಾ?" ಅವರು ಬೆಂಕಿ ಕಡೆಯಿಂದ ಕಣ್ಣು ತೆಗೆಯದೆ "ಹಬ್ಬ ಊರಿಂದು ರೀ ತಮ್ಮಾ" ಅಂದರು. ಅರ್ಜಿ ಫಾರಂನ ಖಾನೆ ಅಲ್ಲಿ ಕೆಲಸಕ್ಕೆ ಬರಲ್ಲ. ಬೆಳಗಿನ ಜಾವ ಮೂರರ ಹೊತ್ತಿಗೆ ನನ್ನ ಕಾಲೂ ನನ್ನ ಮಾತು ಕೇಳದೆ ಹೆಜ್ಜೆ ಹಾಕುತ್ತಿತ್ತು. ಟಿಪ್ಪಣಿ ಗಿಪ್ಪಣಿ ಏನೂ ಇಲ್ಲ ಆ ರಾತ್ರಿದು.

ಮೈ ಜುಂ ಅಂದರೆ

ರುಡಾಲ್ಫ್ ಒಟ್ಟೊ ಅನ್ನೋ ಜರ್ಮನ್ ವಿದ್ವಾಂಸರು 1911ರಲ್ಲಿ ಮೊರಾಕೊದ ಒಂದು ಸಿನಗಾಗ್‌ನಲ್ಲಿ, ಯಹೂದಿಗಳ ಪ್ರಾರ್ಥನೆ ಕೇಳಿ ಬೆಚ್ಚಿಬಿದ್ದರಂತೆ. ಆರು ವರ್ಷದ ಮೇಲೆ ಬರೆದ ಪುಸ್ತಕದಲ್ಲಿ ಆ ಭಾವಕ್ಕೆ ಹೆಸರಿಟ್ಟರು. ಹೆದರಿಸುತ್ತೆ, ಆದರೂ ಹತ್ತಿರ ಎಳೆಯುತ್ತೆ. ಕರಾವಳಿಯಲ್ಲಿ ಭೂತಕೋಲ ನೋಡಿದವರಿಗೆ ಇದಕ್ಕಿಂತ ಜಾಸ್ತಿ ಹೇಳಬೇಕಿಲ್ಲ. ಒಂದೇ ಮಾತು. ಇಂಥದ್ದು ನಿಮಗೂ ಆದರೆ ಅದನ್ನೂ ಬರೆದಿಡಿ, ಆಗದಿದ್ದರೆ ಆಯಿತು ಅಂತ ನಟಿಸಬೇಡಿ.

ಕಾಲು ತಾಗಿದ ಪುಸ್ತಕ

ಈಗ ಮನೆಯಲ್ಲೇ ಮಾಡಬಹುದಾದ ಒಂದು ಪರೀಕ್ಷೆ. ಒಂದು ಪುಸ್ತಕ ನೆಲದ ಮೇಲಿಟ್ಟು ಬೇಕಂತಲೇ ಕಾಲಲ್ಲಿ ಒದೆಯಿರಿ. ಒದ್ದ ಮೇಲೆ ಕಣ್ಣಿಗೆ ಒತ್ತಿಕೊಳ್ಳದೆ ಹಾಗೇ ಬಿಟ್ಟು ಹೋಗಿ. ನನ್ನ ಕೈಲಿ ಆಗಲ್ಲ. ದೇವರೇ ಇಲ್ಲ ಅಂತ ಗಂಟೆಗಟ್ಟಲೆ ವಾದ ಮಾಡೋ ನನ್ನ ಗೆಳೆಯನ ಕೈಲೂ ಆಗಲಿಲ್ಲ, ಬಗ್ಗಿ ಎತ್ತಿಕೊಂಡು ಕಣ್ಣಿಗೊತ್ತಿಕೊಂಡು ಆಮೇಲೆ ನಕ್ಕ. ಸರಸ್ವತಿಗೆ ನೋವಾಗುತ್ತೆ ಅಂತ ನಂಬಿ ಮಾಡಿದನಾ? ಇಲ್ಲ. ಹಾಗಾದರೆ ಸುಮ್ನೆ ಮಾಡಿದನಾ? ಅದೂ ಅಲ್ಲ.

ತತ್ವಜ್ಞಾನಿ ಲುಡ್ವಿಗ್ ವಿಟ್‌ಗೆನ್‌ಸ್ಟೈನ್ 1931ರಲ್ಲಿ ಇದೇ ಜಾಗಕ್ಕೆ ಬಂದಿದ್ದರು. ಬುಡಕಟ್ಟಿನವರ ಆಚರಣೆಗಳನ್ನೆಲ್ಲ ತಪ್ಪು ವಿಜ್ಞಾನ ಅಂತ ಬರೆದಿದ್ದ ಫ್ರೇಜರ್ ಅವರನ್ನು ಓದುತ್ತಾ ಸಿಟ್ಟಿನಲ್ಲಿ ಟಿಪ್ಪಣಿ ಮಾಡಿಕೊಂಡರು. ಪ್ರೀತಿಸಿದವರ ಫೋಟೊಗೆ ಮುತ್ತು ಕೊಡ್ತೀವಲ್ಲ, ಅದರಿಂದ ಅವರಿಗೆ ಏನೋ ಆಗುತ್ತೆ ಅಂತ ಲೆಕ್ಕ ಹಾಕಿ ಕೊಡ್ತೀವಾ? ಕೊಡ್ತೀವಿ, ಮನಸ್ಸು ತುಂಬುತ್ತೆ, ಅಷ್ಟೇ. ಮಳೆ ತರಿಸೋರು ಮಳೆಗಾಲ ಬಂದಾಗ ತಾನೆ ಪೂಜೆ ಮಾಡ್ತಾರೆ ಅಂತ ಇನ್ನೊಂದು ಕಡೆ ಬರೆದರು.

ಉತ್ತರ ಕರ್ನಾಟಕದ ಗುರ್ಜಿ ನೆನಪಿಸಿಕೊಳ್ಳಿ. ಮಳೆ ಕೈಕೊಟ್ಟಾಗ ಸಗಣಿಯಲ್ಲಿ ಗುರ್ಜಿ ಮಾಡಿ, ರೊಟ್ಟಿ ಹಂಚಿನ ಮೇಲಿಟ್ಟು, ಒಬ್ಬರ ತಲೆ ಮೇಲೆ ಹೊರಿಸಿ ಮನೆಮನೆಗೆ ಹೋಗ್ತಾರೆ, ಮನೆಯವರು ತಂಬಿಗೆ ನೀರು ತಂದು ಮೇಲೆ ಸುರೀತಾರೆ. ಜನವರಿಯಲ್ಲಿ ಯಾರೂ ಗುರ್ಜಿ ಆಡಲ್ಲ. ಬಿತ್ತನೆಯ ಹೊತ್ತಿಗೆ ಬರಬೇಕಾದ ಮಳೆ ಬರದಿದ್ದಾಗ ಆಡ್ತಾರೆ. ಗುರ್ಜಿ ಆಡಿದ ಮರುದಿನವೇ ಬೋರ್‌ವೆಲ್ ಗಾಡಿಗೂ ಫೋನ್ ಮಾಡ್ತಾರೆ. ಇದರಲ್ಲಿ ವಿರೋಧ ಕಾಣೋದು ಹೊರಗಿನವರಿಗೆ ಮಾತ್ರ. ಆದರೆ ಇಲ್ಲಿ ನಾನು ವಿಟ್‌ಗೆನ್‌ಸ್ಟೈನ್ ಅವರ ಜೊತೆ ಪೂರ್ತಿ ಹೋಗಲ್ಲ. ನೀರು ಸುರಿಯೋ ಹೆಂಗಸಿಗೆ ಮಳೆ ನಿಜವಾಗಿಯೂ ಬೇಕು. ಮನಸ್ಸು ತುಂಬಿದರೆ ಸಾಕು ಅಂತ ಅವಳು ಹೇಳಲ್ಲ, ಹೊಲ ತುಂಬಬೇಕು.

ಹೇಗೆ ಕೇಳಬೇಕು

'ಯಾಕೆ' ಅಂತ ನೇರ ಕೇಳಬೇಡಿ. ಕೇಳಿದರೆ ಸಿಗೋದು ಎರಡೇ ಉತ್ತರ. "ಮೊದಲಿಂದ ಮಾಡ್ಕೊಂಡ್ ಬಂದಿದೀವಿ" ಅನ್ನೋದು, ಇಲ್ಲ ಅಂದರೆ ವಾಟ್ಸಾಪ್‌ನಲ್ಲಿ ಬಂದ "ಇದಕ್ಕೆ ವೈಜ್ಞಾನಿಕ ಕಾರಣ ಇದೆ" ಅನ್ನೋದು. ಎರಡನೆಯದು ಅವರ ಅನುಭವ ಅಲ್ಲ. ನಿಮ್ಮಂಥ ಓದಿದವರ ಮುಂದೆ ಮರ್ಯಾದೆ ಉಳಿಸಿಕೊಳ್ಳೋ ದಾರಿ ಅದು.

ಬದಲಿಗೆ ಹೀಗೆ ಕೇಳಿ. ಇದನ್ನ ನಿಮಗೆ ಯಾರು ಹೇಳಿಕೊಟ್ಟರು? ಹೋದ ವರ್ಷ ಹೇಗೆ ಮಾಡಿದ್ರಿ? ಮಾಡದೆ ಬಿಟ್ಟಿದ್ದು ಯಾವತ್ತಾದ್ರೂ ಇದೆಯಾ, ಆಗ ಏನಾಯ್ತು? ಮುಂದೆ ಯಾರು ಮಾಡ್ತಾರೆ? ಕೊನೆಯ ಪ್ರಶ್ನೆಗೆ ಬಹಳ ಜನ ಸ್ವಲ್ಪ ಹೊತ್ತು ಸುಮ್ಮನಾಗಿಬಿಡ್ತಾರೆ. ನೀವೂ ಸುಮ್ಮನಿರಿ. ತುಂಬೋಕೆ ಹೋಗಬೇಡಿ.

ಕೈಗೆ ಕೆಲಸ ಇರುವಾಗ ಕೇಳಿ. ಕಾಯಿ ಸುಲಿಯುವಾಗ, ಹೂ ಕಟ್ಟುವಾಗ, ಪಾತ್ರೆ ಬೆಳಗುವಾಗ. ರೆಕಾರ್ಡ್ ಮಾಡೋದಿದ್ದರೆ ಮೊದಲೇ ಹೇಳಿ, ಮೈಮೇಲೆ ಬಂದವರ ವಿಡಿಯೋ ಮಾತ್ರ ಕೇಳದೆ ಮಾಡಲೇಬೇಡಿ.

ಚಪ್ಪಲಿ ಮತ್ತೆ ಹಾಕಿಕೊಳ್ಳೋ ಹೊತ್ತು

ಬಾಲಗಂಗಾಧರರನ್ನು ಎಲ್ಲಿ ಒಪ್ಪಲ್ಲ ಅಂದೆನಲ್ಲ, ಅದು ಇಲ್ಲಿ. ಇದೆಲ್ಲ ಬರೀ ಆಚರಣೆ, ಸಿದ್ಧಾಂತ ಅಲ್ಲ ಅಂದುಬಿಟ್ಟರೆ ಆಚರಣೆ ಯಾರ ಮೈಮೇಲೆ ಯಾವ ಭಾರ ಹಾಕುತ್ತೆ ಅನ್ನೋದು ಮರೆತುಹೋಗಬಹುದು. ಯಲ್ಲಮ್ಮನಿಗೆ ನಡ್ಕೊಳ್ತೀವಿ ಅಂತ ನಾನು ಮೇಲೆ ಬರೆದ ಮಾತನ್ನೇ ತೆಗೆದುಕೊಳ್ಳಿ. ಅದೇ ಹೆಸರಲ್ಲಿ ದಲಿತ ಕೇರಿಯ ಎಷ್ಟೋ ಹೆಣ್ಣುಮಕ್ಕಳಿಗೆ ಮುತ್ತು ಕಟ್ಟಿ ದೇವದಾಸಿಯರನ್ನಾಗಿ ಮಾಡಿದರು. ಅದನ್ನು ತಡೆಯೋಕೆ 1982ರ ಕರ್ನಾಟಕ ದೇವದಾಸಿ ಸಮರ್ಪಣೆ ನಿಷೇಧ ಕಾಯ್ದೆ ಬರಬೇಕಾಯಿತು. ಮುತ್ತು ಕಟ್ಟಿದ ತಾಯಿಗೆ ಅದು ಹರಕೆಯ ಅನುಭವ, ಕಟ್ಟಿಸಿಕೊಂಡ ಮಗುವಿಗೆ? ತೀರ್ಪು ತಡೆಹಿಡಿಯೋದು ಕೇಳಿಸಿಕೊಳ್ಳೋಕೆ ಇರೋ ಉಪಾಯ, ಸುಮ್ಮನಿರೋಕೆ ಸಿಕ್ಕ ನೆಪ ಅಲ್ಲ.

ಹಾಗಾಗಿ ಯಾವುದೇ ಆಚರಣೆಯನ್ನು ಒಂದು ಸಲ ಗರ್ಭಗುಡಿ ಎದುರಿಂದ ನೋಡಿದರೆ, ಇನ್ನೊಂದು ಸಲ ಹೊರಗೆ ನಿಂತವರ ಜಾಗದಿಂದ ನೋಡಿ. ಊರ ತೇರಿನ ದಿನ ತಮಟೆ ಬಡಿಯೋರು ಎಲ್ಲಿ ಊಟ ಮಾಡ್ತಾರೆ? ಮುಟ್ಟಾದ ಹೆಂಗಸು ಆ ಮೂರು ದಿನ ಎಲ್ಲಿರ್ತಾಳೆ, ಅವಳಿಗೆ ಅದು ಅವಮಾನವೋ ವಿಶ್ರಾಂತಿಯೋ? ಎರಡೂ ಉತ್ತರ ನನಗೆ ಸಿಕ್ಕಿವೆ, ಒಂದೇ ಮನೆಯಲ್ಲಿ, ಅತ್ತೆಯಿಂದ ಒಂದು, ಸೊಸೆಯಿಂದ ಒಂದು. ಸರಾಸರಿ ತೆಗೆಯೋಕೆ ಹೋಗಬೇಡಿ, ಎರಡನ್ನೂ ಅವರವರ ಮಾತಲ್ಲೇ ಬರೆದಿಡಿ.

ಬರೆದದ್ದನ್ನು ಓದಿ ಹೇಳಿ

ಬರೆದು ಮುಗಿದ ಮೇಲೆ ಯಾರ ಬಗ್ಗೆ ಬರೆದಿರೋ ಅವರಿಗೇ ಓದಿ ಹೇಳಬೇಕು. ಅವರು ಎಲ್ಲಾ ಒಪ್ಪಬೇಕು ಅಂತಲ್ಲ. ಆದರೆ "ಇದು ನಮ್ಮ ಮನೆದೇ" ಅಂತ ಅವರಿಗೆ ಗುರುತು ಸಿಗಬೇಕು. ಸಿಗದಿದ್ದರೆ ನೀವು ಪುಸ್ತಕದ ಬಗ್ಗೆ ಬರೆದಿದ್ದೀರಿ.

ನಾನು ಹೂ ಕೇಳಿದ ದಿನದ್ದು ಬರೆದು ಅಜ್ಜಿಗೆ ಓದಿದೆ. "ಕೊನೆಗೆ ಬಲಗಡೆಯ ಹೂವು ಬಿತ್ತು" ಅನ್ನೋ ಕಡೆ ಕೈ ಅಡ್ಡ ಹಿಡಿದಳು. "ಬೀಳೋಕೆ ಅದೇನು ಮಾವಿನಕಾಯಾ? ಅಮ್ಮ ಕೊಟ್ಟಳು ಅನ್ನು."

ಇದು ನನಗೆ ಬಹಳ ತಲೆ ಕೆಡಿಸಿತು. ಕೊಟ್ಟಳು ಅಂತ ನಾನೇ ಬರೆದರೆ ನನಗೆ ಗೊತ್ತಿಲ್ಲದ್ದನ್ನು ಹೇಳಿದ ಹಾಗೆ. ಬಿತ್ತು ಅಂದರೆ ಅವರು ಕಂಡದ್ದನ್ನು ಇಲ್ಲ ಅಂದ ಹಾಗೆ. ಎರಡೂ ತೀರ್ಪೇ. ಕೊನೆಗೆ "ಬಲಗಡೆ ಹೂವಾಯಿತು" ಅಂತ ಬರೆದೆ. ನಮ್ಮ ಕಡೆ ಹಾಗೂ ಅಂತಾರೆ. ಆಯಿತು ಅನ್ನೋದು ಎಷ್ಟು ಒಳ್ಳೇ ಪದ ನೋಡಿ, ಯಾರು ಮಾಡಿದರು ಅಂತ ಅದು ಹೇಳೋದೇ ಇಲ್ಲ. ಅಜ್ಜಿ ಅರ್ಧ ಮನಸ್ಸಿನಿಂದ ಒಪ್ಪಿದಳು.

ಪೂರ್ತಿ ಓದಿ ಮುಗಿಸಿದ ಮೇಲೆ ಕೇಳಿದಳು, "ನಿಮ್ಮ ಚಿಕ್ಕಪ್ಪ ಬೆಳ್ಳಿ ಕಣ್ಣು ಮಾಡಿಸಿದ್ದು ಬರ್ದಿದೀಯಾ?"

"ಇಲ್ಲ. ಮಾಡಿಸಿದ್ನಾ?"

"ಎಲ್ಲಿ ಮಾಡಿಸ್ದ? ವರ್ಷ ಎರಡಾಯ್ತು. ಅದನ್ನೂ ಬರಿ."